ಎರೆಮಣ್ಣಿನಲ್ಲಿ ಗೊಬ್ಬರದ ನಡಿಗೆ: ಸೂಕ್ಷ್ಮ ಓಣಿಗಳಲ್ಲಿ ಅಣುಗಳ ವಿಸರಣೆ ಮತ್ತು ಅದರ ಅಳತೆ

ಹುನಗುಂದದ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವಾಗ ಡಿ.ಎ.ಪಿ. ಗೊಬ್ಬರವನ್ನು ನೆಲದ ಮೇಲೆ ಎರಚಿ, ಮೇಲಿಂದ ಒಂದು ಸಲ ಕುಂಟೆ ಹೊಡೆದು ಮುಗಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಸೆಪ್ಟೆಂಬರ್ ಕೊನೆಯ ಹಸಿಯ ಮೇಲೆ ಬಿತ್ತಿದ ಬೆಳೆ ನವೆಂಬರ್ ಬರುವ ಹೊತ್ತಿಗೆ ಮೊಣಕಾಲೆತ್ತರ ಬಂದಿರುತ್ತದೆ. ಆಗ ಎಡೆ ಹೊಡೆಯುವಾಗ ಮೇಲಿನ ಒಣಮಣ್ಣನ್ನು ಅಂಗೈಯಲ್ಲಿ ಪುಡಿಮಾಡಿ ನೋಡಿದರೆ ಗೊಬ್ಬರದ ಕಾಳುಗಳು ತಮ್ಮ ಆಕಾರದಲ್ಲಿಯೇ ಸಿಕ್ಕುವುದುಂಟು. ಚೀಲಕ್ಕೆ ಕೊಟ್ಟ ಹಣ ಹೊಲದಲ್ಲಿಯೇ ಇದೆ, ಆದರೆ ಬೆಳೆಗೆ ಮುಟ್ಟಿಲ್ಲ. ಬೇರುಗಳು ಅಷ್ಟರಲ್ಲಿ ಹಸಿಯನ್ನು ಹುಡುಕಿಕೊಂಡು ಒಂದು ಮೊಳ ಕೆಳಗೆ ಇಳಿದಿರುತ್ತವೆ.

ಹಾಗಾದರೆ ಮಣ್ಣಿಗೆ ಹಾಕಿದ ಗೊಬ್ಬರ ಒಂದು ಹಂಗಾಮಿನಲ್ಲಿ ಎಷ್ಟು ದೂರ ನಡೆಯುತ್ತದೆ? ಈ ಪ್ರಶ್ನೆಗೆ ಊಹೆಯ ಉತ್ತರ ಬೇಕಾಗಿಲ್ಲ. ಅದನ್ನು ಅಳೆದು ನೋಡಲಾಗಿದೆ. ಅಳೆದ ಬಗೆಯನ್ನು ತಿಳಿದುಕೊಂಡರೆ ಗೊಬ್ಬರವನ್ನು ಎಲ್ಲಿ ಇಡಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ವಿಸರಣೆ ಎಂದರೇನು?

ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವರಿಗೆ ಈ ವಿಷಯ ಹೊಸದಲ್ಲ. ನೂಲಿನ ಲಡಿಯನ್ನು ಬಣ್ಣದ ನೀರಿನಲ್ಲಿ ಅದ್ದಿ ಕೂಡಲೇ ತೆಗೆದರೆ ಬಣ್ಣ ಎಳೆಯ ಹೊರಮೈಗೆ ಮಾತ್ರ ಹತ್ತಿರುತ್ತದೆ, ನಾಲ್ಕು ಸಲ ಒಗೆದರೆ ಹೋಗುತ್ತದೆ. ಹೊತ್ತು ಕೊಟ್ಟರೆ ಬಣ್ಣ ಎಳೆಯ ಒಡಲಿಗೆ ಇಳಿಯುತ್ತದೆ. ಹತ್ತಿಯ ಎಳೆ ನೀರಿನಲ್ಲಿ ಉಬ್ಬಿ ಅದರೊಳಗಿನ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಬಣ್ಣದ ಅಣುಗಳು ಆ ರಂಧ್ರಗಳ ನೀರಿನಲ್ಲಿ ಅತ್ತಿತ್ತ ತಡಕಾಡುತ್ತ ಒಳಗೆ ಸೇರುತ್ತವೆ. ಅವನ್ನು ಯಾರೂ ತಳ್ಳುವುದಿಲ್ಲ, ನೀರೂ ಹರಿಯುವುದಿಲ್ಲ. ಉಷ್ಣದ ಕಾರಣದಿಂದ ಅಣುಗಳು ಎಡೆಬಿಡದೆ ಚಲಿಸುತ್ತ, ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಹರಡಿಕೊಳ್ಳುತ್ತವೆ. ಇದಕ್ಕೆ ವಿಸರಣೆ ಎನ್ನುತ್ತಾರೆ.

ವಿಸರಣೆಯನ್ನು ಶಾಲೆಯಲ್ಲಾಗಲಿ, ರೈತರ ಸಭೆಯಲ್ಲಾಗಲಿ ತೋರಿಸಬಹುದು. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಅಲುಗಾಡದಂತೆ ಬಿಸಿಲು ಬೀಳದ ಮೂಲೆಯಲ್ಲಿಟ್ಟು, ನೀರು ನಿಂತ ಮೇಲೆ ಮೈಲುತುತ್ತದ ಒಂದೆರಡು ಹರಳುಗಳನ್ನು ಮೆಲ್ಲಗೆ ತಳಕ್ಕೆ ಬಿಡಬೇಕು. ತಳದ ನೀಲಿ ದಿನದಿನಕ್ಕೆ ಮೇಲೇರುವುದನ್ನು ಅಳತೆಪಟ್ಟಿ ಹಿಡಿದು ಬರೆದಿಡಬೇಕು. ನೀಲಿಯ ಅಂಚು ಮಸುಕಾಗಿರುವುದರಿಂದ ಅಳತೆ ತುಸು ಆಚೀಚೆ ಆಗುತ್ತದೆ, ಅದಕ್ಕೆ ಚಿಂತೆಯಿಲ್ಲ. ಗಮನಿಸಬೇಕಾದುದು ಬೇರೊಂದಿದೆ. ಮೊದಲ ದಿನ ಸುಮಾರು ಒಂದು ಸೆಂ.ಮೀ. ಏರಿದ ನೀಲಿ ಎರಡನೆಯ ದಿನಕ್ಕೆ ಎರಡು ಸೆಂ.ಮೀ. ಏರುವುದಿಲ್ಲ. ಎರಡಾಗಲು ನಾಲ್ಕು ದಿನ ಬೇಕು, ಮೂರಾಗಲು ಒಂಬತ್ತು ದಿನ ಬೇಕು. (ಮೈಲುತುತ್ತ ವಿಷ. ಮಕ್ಕಳ ಕೈಗೂ ದನದ ಬಾಯಿಗೂ ಸಿಗದಂತೆ ಇಡಬೇಕು.)

ದೂರ ಇಮ್ಮಡಿಯಾದರೆ ಕಾಲ ನಾಲ್ಕು ಮಡಿ, ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು. ವಿಸರಣೆಯ ಲೆಕ್ಕವನ್ನು ಜರ್ಮನಿಯ ಅಡಾಲ್ಫ್ ಫಿಕ್ 1855ರಲ್ಲಿ ಸೂತ್ರಕ್ಕೆ ತಂದರು. ಒಂದೊಂದು ಕಣದ ಅಡ್ಡಾದಿಡ್ಡಿ ಚಲನೆಯಿಂದಲೇ ಈ ವರ್ಗದ ಲೆಕ್ಕ ಹೊರಡುತ್ತದೆಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದರು. ಇಷ್ಟು ಕಾಲದಲ್ಲಿ ಇಷ್ಟು ದೂರ ಎಂಬುದನ್ನು ಅಳೆದರೆ ಆ ವಸ್ತುವಿನ ‘ವಿಸರಣಾಂಕ’ ಸಿಗುತ್ತದೆ. ಮುಂದೆ ಬರುವ ಎಲ್ಲ ಅಳತೆಗಳೂ ಈ ಒಂದು ಅಂಕೆಯನ್ನು ಹಿಡಿಯುವ ಉಪಾಯಗಳೇ.

ಎರೆಮಣ್ಣಿನ ಒಳಗಿನ ಓಣಿಗಳು

ಬಾಟಲಿಯ ನೀರು ಬಯಲಿದ್ದ ಹಾಗೆ, ಮಣ್ಣಿನ ನೀರು ಓಣಿಗಳಿದ್ದ ಹಾಗೆ. ಬಾದಾಮಿಯ ಮರಳುಗಲ್ಲಿನಿಂದ ಆದ ಕೆಂಪು ಉಸುಕು ಮಣ್ಣಿನಲ್ಲಿ ಕಣಗಳು ದಪ್ಪ, ಸಂದುಗಳು ದೊಡ್ಡವು. ಮಳೆ ಬಂದಾಗ ನೀರು ಅವುಗಳಲ್ಲಿ ಸಲೀಸಾಗಿ ಇಳಿದುಹೋಗುತ್ತದೆ. ಹುನಗುಂದದ ಎರೆಮಣ್ಣಿನ ರಚನೆಯೇ ಬೇರೆ. ಇಂಥ ಮಣ್ಣಿನಲ್ಲಿ ಸಾಮಾನ್ಯವಾಗಿ ಶೇಕಡಾ 40ರಿಂದ 60ರಷ್ಟು ಜೇಡಿ ಇರುತ್ತದೆ. ಆ ಜೇಡಿಯಲ್ಲಿ ಪ್ರಮುಖವಾದುದು ಮಾಂಟ್‌ಮೊರಿಲೊನೈಟ್ ಜಾತಿಯ ಖನಿಜ.

ಈ ಖನಿಜದ ಕಣವನ್ನು ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದ ಖಡಕ್ ರೊಟ್ಟಿಗಳಂತೆ ಭಾವಿಸಬಹುದು. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೋ ಮೀಟರ್, ಅಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. (ಈಚೆಗೆ ಗೊಬ್ಬರದ ಬಾಟಲಿಗಳ ಮೇಲೂ ‘ನ್ಯಾನೋ’ ಎಂಬ ಶಬ್ದ ಬಂದಿದೆ. ಇಲ್ಲಿ ಅದು ಬರಿಯ ಅಳತೆಯ ಹೆಸರು.) ಹಾಳೆ ಹಾಳೆಯ ನಡುವೆ ನೀರು ಸೇರುತ್ತದೆ. ಸುಣ್ಣದ ಅಂಶವಿರುವ ಎರೆಮಣ್ಣಿನಲ್ಲಿ ಚೆನ್ನಾಗಿ ಹಸಿ ಇದ್ದಾಗಲೂ ಈ ಸಂದು ಒಂದು ನ್ಯಾನೋ ಮೀಟರಿನ ಒಳಗೇ ಇದ್ದು, ಅದರಲ್ಲಿ ನೀರಿನ ಅಣುಗಳು ಎರಡೋ ಮೂರೋ ಸಾಲಾಗಿ ಮಾತ್ರ ನಿಲ್ಲಬಲ್ಲವು. ಮಣ್ಣು ಒಣಗಿದಂತೆ ಒಂದೊಂದೇ ಸಾಲು ಹೊರಬೀಳುತ್ತದೆ, ಹಾಳೆಗಳು ಹತ್ತಿರ ಬರುತ್ತವೆ. ಕೋಟಿ ಕೋಟಿ ಹಾಳೆಗಳ ಈ ಕುಗ್ಗುವಿಕೆಯೇ ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕುಗಳಾಗಿ ಕಣ್ಣಿಗೆ ಕಾಣುತ್ತದೆ.

ಹಾಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ಶುದ್ಧ ಮಾಂಟ್‌ಮೊರಿಲೊನೈಟಿನ ಒಂದು ಗ್ರಾಮಿಗೆ 700ರಿಂದ 800 ಚದರ ಮೀಟರ್ ಮೈ ಇದೆ. ಎಂದರೆ ಏಳು ಗುಂಟೆ. ಆರು ಗ್ರಾಂ ಜೇಡಿಯ ಮೈ ಒಂದು ಎಕರೆಯನ್ನು ಮುಚ್ಚಬಲ್ಲದು! ಒಂದು ಹಿಡಿ ಎರೆಮಣ್ಣಿನಲ್ಲಿರುವ ನೀರಿನ ಬಹುಪಾಲು ಯಾವುದಾದರೊಂದು ಗೋಡೆಗೆ ತೀರ ಹತ್ತಿರದಲ್ಲಿಯೇ ಇರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಗೊಬ್ಬರದ ಅಣು ಬೇರಿಗೆ ಹೋಗಬೇಕಾದರೆ ಇಂಥ ಗೋಡೆಗಳ ಪಕ್ಕದಲ್ಲಿಯೇ ಹಾದುಹೋಗಬೇಕು.

ಅಳೆಯುವ ಬಗೆ

ಎಲ್ಲಕ್ಕಿಂತ ಸರಳವಾದ ವಿಧಾನದಲ್ಲಿ ಒಂದೇ ಹದದ ಎರಡು ಮಣ್ಣಿನ ಬಿಲ್ಲೆಗಳನ್ನು ಮಾಡುತ್ತಾರೆ. ಒಂದರ ಮಣ್ಣಿಗೆ ವಿಕಿರಣಶೀಲ ರಂಜಕವನ್ನು ಬೆರೆಸಿರುತ್ತಾರೆ. ರಂಜಕ-32 ಎಂಬ ಈ ವಸ್ತು ಸುಮಾರು 14 ದಿನಕ್ಕೆ ಅರ್ಧವಾಗುತ್ತದೆ, ತಾನಿರುವ ಜಾಗವನ್ನು ತಾನೇ ಸಾರುತ್ತದೆ. ಎರಡೂ ಬಿಲ್ಲೆಗಳನ್ನು ಮುಖಕ್ಕೆ ಮುಖ ಒತ್ತಿಟ್ಟು, ತೇವ ಆರದಂತೆ ಮುಚ್ಚಿ, ಗೊತ್ತಾದ ದಿನಗಳು ಕಳೆದ ಮೇಲೆ ಮಣ್ಣನ್ನು ಹೆಪ್ಪುಗಟ್ಟಿಸಿ ತೆಳ್ಳಗೆ ಪದರು ಪದರಾಗಿ ಕೊಯ್ಯುತ್ತಾರೆ. ಯಾವ ಪದರಿನಲ್ಲಿ ಎಷ್ಟು ಬಂದಿದೆ ಎಂದು ಎಣಿಸಿದರೆ ದೂರವೂ ಕಾಲವೂ ಕೈಗೆ ಬಂದಂತಾಯಿತು. ಕೊಯ್ಯುವ ಕೆಲಸ ನಾಜೂಕಾದುದು. ಹತ್ತು ದಿನ ಕಾದರೂ ರಂಜಕ ಅರ್ಧ ಮಿಲಿಮೀಟರಿನಷ್ಟೂ ಮುಂದೆ ಸಾಗಿರದ ಮಣ್ಣುಗಳಿವೆ.

ಬೇರಿನ ಪಕ್ಕದಲ್ಲಿಯೇ ಇದನ್ನು ಚಿತ್ರವಾಗಿ ನೋಡುವುದೂ ಸಾಧ್ಯ. ತೆಳುವಾದ ಪೆಟ್ಟಿಗೆಯಲ್ಲಿ ವಿಕಿರಣಶೀಲ ಪೋಷಕಾಂಶ ಬೆರೆಸಿದ ಮಣ್ಣು ತುಂಬಿ, ಸಸಿ ಬೆಳೆಸಿ, ಹೊರಗಿನಿಂದ ಛಾಯಾಚಿತ್ರದ ಫಿಲಂ ಒತ್ತಿಹಿಡಿದರೆ, ಬೇರು ಹೀರಿಕೊಂಡು ಬರಿದಾದ ಜಾಗ ಬೇರಿನ ಉದ್ದಕ್ಕೂ ಒಂದು ಪಟ್ಟಿಯಾಗಿ ಮೂಡುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಾಕರ್ ಮತ್ತು ಬಾರ್ಬರ್ 1961ರಲ್ಲಿ ಗೋವಿನಜೋಳದ ಬೇರಿನ ಸುತ್ತ ರುಬಿಡಿಯಂ ಬಳಸಿ ಇಂಥ ಚಿತ್ರಗಳನ್ನು ಪಡೆದರು. ಪೊಟ್ಯಾಷ್ ನಡೆಯುವ ರೀತಿಯಲ್ಲಿಯೇ ರುಬಿಡಿಯಂ ಕೂಡ ನಡೆಯುತ್ತದೆ. ರಂಜಕದ ಪಟ್ಟಿಯಾದರೆ ಬೇರಿನ ಎರಡೂ ಮಗ್ಗುಲಿಗೆ ಒಂದೆರಡು ಮಿಲಿಮೀಟರ್ ಅಷ್ಟೇ. ಅದರ ಆಚೆಗಿನ ರಂಜಕಕ್ಕೆ ಆ ಬೇರು ಇದ್ದೂ ಇಲ್ಲದಂತೆ.

ಇವೆರಡೂ ದಿನಗಟ್ಟಲೆ ಕಾಯುವ ಅಳತೆಗಳು. ಹಾಳೆಗಳ ಸಂದಿನಲ್ಲಿ ಒಂದು ನೀರಿನ ಅಣು ಹೇಗೆ ಚಲಿಸುತ್ತದೆಂದು ಇವುಗಳಿಂದ ತಿಳಿಯುವುದಿಲ್ಲ. ಅದಕ್ಕೆ ಬೇರೆ ಉಪಾಯಗಳು ಬೇಕಾದವು.

ಮೊದಲನೆಯದು ಅಯಸ್ಕಾಂತದ ವಿಧಾನ. ನೀರಿನಲ್ಲಿರುವ ಜಲಜನಕದ ಬೀಜಗಳು ಚಿಕ್ಕ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಬಲ ಬದಲಾಗುವ ಕಾಂತಕ್ಷೇತ್ರವನ್ನು ಕ್ಷಣಮಾತ್ರ ಕೊಟ್ಟರೆ ಪ್ರತಿಯೊಂದು ಅಣುವಿಗೂ ಅದು ನಿಂತ ಜಾಗದ ಗುರುತು ಬೀಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಕ್ಷೇತ್ರವನ್ನು ಕೊಟ್ಟು ಗುರುತನ್ನು ಅಳಿಸಲು ನೋಡುತ್ತಾರೆ. ಕದಲದೆ ನಿಂತ ಅಣುವಿನ ಗುರುತು ಪೂರ್ತಿ ಅಳಿಯುತ್ತದೆ, ಕದಲಿದುದರದು ಅಳಿಯುವುದಿಲ್ಲ, ಅಷ್ಟಕ್ಕಷ್ಟು ಸಂಕೇತ ಮಂಕಾಗುತ್ತದೆ. ಸ್ಟೆಜ್ಸ್‌ಕಲ್ ಮತ್ತು ಟ್ಯಾನರ್ 1965ರಲ್ಲಿ ಈ ವಿಧಾನವನ್ನು ರೂಪಿಸಿದರು. ಎರಡು ಗುರುತುಗಳ ನಡುವಿನ ಕಾಲ ಸೆಕೆಂಡಿನ ಐವತ್ತನೆಯ ಒಂದು ಪಾಲು ಇದ್ದರೆ, ಬಯಲು ನೀರಿನ ಅಣು ಅಷ್ಟರಲ್ಲಿ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಹೋಗಿರುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಈ ವಿಧಾನಕ್ಕೆ ತೊಡಕಾಗುತ್ತದೆ.

ಅದಕ್ಕಿಂತ ಸೂಕ್ಷ್ಮವಾದುದು ನ್ಯೂಟ್ರಾನ್ ವಿಧಾನ. ಪರಮಾಣು ರಿಯಾಕ್ಟರಿನಿಂದ ಬರುವ ನಿಧಾನಗತಿಯ ನ್ಯೂಟ್ರಾನುಗಳನ್ನು ಹಸಿ ಜೇಡಿಯ ಮೇಲೆ ಹಾಯಿಸುತ್ತಾರೆ. ಚಲಿಸುತ್ತಿರುವ ನೀರಿನ ಅಣುವಿಗೆ ತಾಗಿ ಚಿಮ್ಮಿದ ನ್ಯೂಟ್ರಾನಿನ ಶಕ್ತಿ ಕಿಂಚಿತ್ ಬದಲಾಗುತ್ತದೆ. ಆ ಬದಲಾವಣೆಯ ಹರವನ್ನು ಅಳೆದರೆ ಅಣುವಿನ ವೇಗ ಗೊತ್ತಾಗುತ್ತದೆ. ಮುಂಬಯಿಯ ಟ್ರಾಂಬೆಯಲ್ಲಿ 1985ರಲ್ಲಿ ಪ್ರಾರಂಭವಾದ ಧ್ರುವ ರಿಯಾಕ್ಟರಿನಲ್ಲಿ ಇಕ್ಕಟ್ಟಾದ ರಂಧ್ರಗಳಲ್ಲಿರುವ ಅಣುಗಳ ಚಲನೆಯನ್ನು ಈ ರೀತಿ ಅಳೆಯುವ ಉಪಕರಣಗಳಿವೆ.

ಪ್ರಯೋಗಾಲಯಗಳಲ್ಲಿ ಕೃತಕ ಓಣಿಗಳನ್ನೂ ಮಾಡಿ ನೋಡಿದ್ದಾರೆ. ಗಾಜಿನಲ್ಲಿ ಕೆಲವೇ ಹತ್ತು ನ್ಯಾನೋ ಮೀಟರ್ ಆಳದ ಕಾಲುವೆ ಕೊರೆದು, ಬೆಳಕು ಬಿದ್ದಾಗ ಹೊಳೆಯುವ ಬಣ್ಣವನ್ನು ಅದರಲ್ಲಿ ಬಿಟ್ಟು, ಲೇಸರ್ ಬೆಳಕಿನ ಒಂದು ಚುಕ್ಕೆಯಡಿ ಅಣುಗಳು ಹೊಕ್ಕು ಹೊರಡುವುದನ್ನು ಎಣಿಸುತ್ತಾರೆ. ಬೇಗ ಬೇಗ ಮಿನುಗಿದರೆ ವಿಸರಣೆ ಹೆಚ್ಚು, ಮಿನುಗು ತಡೆದು ನಿಂತರೆ ಕಡಿಮೆ. ಮಿನುಗನ್ನು ಲೆಕ್ಕಹಾಕುವ ಈ ವಿಧಾನ 1972ರಲ್ಲಿ ಅಮೆರಿಕದಲ್ಲಿ ಹುಟ್ಟಿತು.

ಇಕ್ಕಟ್ಟು ಹೆಚ್ಚೋ, ಅಂಟು ಹೆಚ್ಚೋ?

ಈ ಎಲ್ಲ ಅಳತೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಅನಿರೀಕ್ಷಿತ ಸಂಗತಿ ಹೊರಬಂತು. ಓಣಿ ಇಕ್ಕಟ್ಟಾದುದರಿಂದಲೇ ಅಣು ನಿಂತುಹೋಗುತ್ತದೆಂದು ಮೊದಲು ತೋರುತ್ತದೆ. ಆದರೆ ಹತ್ತಾರು ನ್ಯಾನೋ ಮೀಟರ್ ಆಳದ ಗಾಜಿನ ಕಾಲುವೆಯಲ್ಲಿ ನೀರು ಹೆಚ್ಚುಕಡಿಮೆ ಬಯಲಿನ ನೀರಿನಂತೆಯೇ ವರ್ತಿಸುತ್ತದೆ. ವ್ಯತ್ಯಾಸ ಎದ್ದು ಕಾಣುವುದು ಗೋಡೆಯ ಪಕ್ಕದ ಒಂದೆರಡು ನ್ಯಾನೋ ಮೀಟರಿನಲ್ಲಿ. ಜೇಡಿಯ ಹಾಳೆಗಳ ನಡುವೆ ಎರಡು ಸಾಲು ನೀರಿದ್ದಾಗ ಅದರ ವಿಸರಣೆ ಬಯಲು ನೀರಿಗಿಂತ ಕೆಲವು ಪಟ್ಟು ಕಡಿಮೆ. ಒಂದೇ ಸಾಲು ಉಳಿದಾಗ ಹತ್ತು ಪಟ್ಟು ಅಥವಾ ಅದಕ್ಕೂ ಮಿಕ್ಕಿ ಕಡಿಮೆ. ಇಷ್ಟೇ.

ರಂಜಕದ ವಿಷಯ ಹೀಗಲ್ಲ. ಬಯಲು ನೀರಿನಲ್ಲಿ ರಂಜಕ ಒಂದು ದಿನಕ್ಕೆ ಸುಮಾರು 12 ಮಿ.ಮೀ. ಹರಡುತ್ತದೆ. ಮಣ್ಣಿನಲ್ಲಿ ಅದರ ವಿಸರಣಾಂಕ ಸಾವಿರ ಪಟ್ಟು, ಹತ್ತು ಸಾವಿರ ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು ಇಳಿದಿರುತ್ತದೆ. ಇಷ್ಟೊಂದು ಇಳಿತವನ್ನು ಓಣಿಯ ಅಗಲ ವಿವರಿಸಲಾರದು. ನಿಜ ಹೇಳಬೇಕೆಂದರೆ ಋಣ ವಿದ್ಯುದಂಶವಿರುವ ರಂಜಕ, ಋಣ ವಿದ್ಯುದಂಶವೇ ಇರುವ ಹಾಳೆಗಳ ನಡುವೆ ಹೆಚ್ಚಾಗಿ ಹೋಗುವುದೇ ಇಲ್ಲ. ಅದು ಹಾಳೆಯ ಅಂಚುಗಳಿಗೂ ಸುಣ್ಣದ ಹರಳುಗಳಿಗೂ ಅಂಟಿಕೊಳ್ಳುತ್ತದೆ. ನೂರು ಪಾಲಿನಲ್ಲಿ ಒಂದು ಪಾಲೂ ನೀರಿನಲ್ಲಿ ಉಳಿಯುವುದಿಲ್ಲ. ನೀರಿನಲ್ಲಿದ್ದಷ್ಟು ಹೊತ್ತು ಮಾತ್ರ ಅಣು ನಡೆಯಬಲ್ಲದು. ಉಳಿದ ಹೊತ್ತೆಲ್ಲ ಅದು ಗೋಡೆ ಹಿಡಿದು ಕುಳಿತಿರುತ್ತದೆ.

ಗೋಡೆಯ ಹಿಡಿತವೇ ಮುಖ್ಯವೆಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಒಂದು ಫಲಿತಾಂಶ ಇಲ್ಲಿ ನೆನೆಯತಕ್ಕದ್ದು. ಜಿಯೊಲೈಟ್ ಎಂಬ ಖನಿಜದಲ್ಲಿ ಇಂಥದೇ ಸೂಕ್ಷ್ಮ ಓಣಿಗಳಿವೆ. ಅಲ್ಲಿಯ ಅಣುಗಳ ಚಲನೆಯನ್ನು 1990ರ ದಶಕದಲ್ಲಿ ಗಣಕಯಂತ್ರದ ಮೂಲಕ ಲೆಕ್ಕಹಾಕಿದ ಎಸ್. ಯಶೋನಾಥ್ ಮತ್ತು ಅವರ ಸಂಗಡಿಗರಿಗೆ, ಓಣಿಯ ಕುತ್ತಿಗೆಗೆ ಸರಿಯಾಗಿ ಹೊಂದುವಷ್ಟು ದೊಡ್ಡದಾದ ಅಣು ತನಗಿಂತ ಚಿಕ್ಕ ಅಣುವಿಗಿಂತ ವೇಗವಾಗಿ ಹೋಗುವುದು ಕಂಡುಬಂತು. ಚಿಕ್ಕದು ಒಂದು ಗೋಡೆಗೆ ಒರಗಿಬಿಡುತ್ತದೆ. ಸರಿಹೊಂದುವ ದೊಡ್ಡದನ್ನು ಎಲ್ಲ ಗೋಡೆಗಳೂ ಸಮನಾಗಿ ಎಳೆಯುವುದರಿಂದ ಎಳೆತಗಳು ಒಂದಕ್ಕೊಂದು ವಜಾ ಆಗಿ ಅದು ಬಿಡುಗಡೆಯಾಗಿ ಸಾಗುತ್ತದೆ. ಮುಂದೆ 2010ರಲ್ಲಿ ಪ್ರಕಟವಾದ ನ್ಯೂಟ್ರಾನ್ ಅಳತೆಗಳೂ ಈ ಲೆಕ್ಕಕ್ಕೆ ಒಪ್ಪಿದವು. ಎರೆಮಣ್ಣಿನ ರಂಜಕಕ್ಕೆ ಇಂಥ ಅದೃಷ್ಟವಿಲ್ಲ.

ಅಂಕೆಗಳನ್ನು ಹೊಲದ ಭಾಷೆಗೆ ತಂದರೆ ಹೀಗಾಗುತ್ತದೆ. ಹಸಿ ಇರುವ ಮಣ್ಣಿನಲ್ಲಿ ವಿಸರಣೆಯೊಂದರಿಂದಲೇ 100 ದಿನಗಳಲ್ಲಿ ನೈಟ್ರೇಟ್ ರೂಪದ ಸಾರಜನಕ ಸುಮಾರು 4 ಸೆಂ.ಮೀ., ಪೊಟ್ಯಾಷ್ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು, ರಂಜಕ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಸಾಗುತ್ತವೆ. ಮಣ್ಣಿನಿಂದ ಮಣ್ಣಿಗೆ ಅಂಕೆ ಬದಲಾದೀತು, ಆದರೆ ಈ ಸರದಿ ಬದಲಾಗುವುದಿಲ್ಲ. ಬೆಳೆ ನೀರು ಹೀರುವಾಗ ನೀರಿನೊಡನೆ ರಂಜಕವೂ ಬರುವುದಿಲ್ಲವೇ ಎಂದು ಕೇಳಬಹುದು. ಬರುತ್ತದೆ, ಆದರೆ ತೀರ ಅಲ್ಪ. ಹಿಂಗಾರಿ ಜೋಳ ಒಂದು ಹೆಕ್ಟೇರಿನಲ್ಲಿ 250 ಮಿ.ಮೀ. ನೀರು ಬಳಸಿತೆಂದು ಇಟ್ಟುಕೊಂಡರೆ ಅದು 25 ಲಕ್ಷ ಲೀಟರ್. ಲೀಟರಿಗೆ 0.05 ಮಿ.ಗ್ರಾಂ. ರಂಜಕವಿದ್ದರೆ ಒಟ್ಟು ಬಂದದ್ದು 125 ಗ್ರಾಂ. ಬೆಳೆಗೆ ಬೇಕಾದದ್ದು ಕಿಲೋಗಟ್ಟಲೆ. ಉಳಿದದ್ದೆಲ್ಲ ಆ ಒಂದು ಮಿಲಿಮೀಟರ್ ದಾರಿಯಲ್ಲಿಯೇ ಬರಬೇಕು.

ಹಸಿ ಆರಿದರೆ ದಾರಿಯೇ ಮುಚ್ಚುತ್ತದೆ

ತೇವ ಅರ್ಧಕ್ಕೆ ಇಳಿದರೆ ವಿಸರಣೆಯೂ ಅರ್ಧಕ್ಕೆ ಇಳಿಯುತ್ತದೆಂದು ತಿಳಿಯಬಾರದು. ನೀರಿನ ಎಳೆಗಳು ಕಡಿದುಹೋಗಿ ಅಣುಗಳು ಸುತ್ತುದಾರಿ ಹಿಡಿಯಬೇಕಾಗುವುದರಿಂದ ಅದು ನಾಲ್ಕನೆಯ ಒಂದು ಪಾಲಿಗಿಂತಲೂ ಕೆಳಗೆ ಹೋಗುತ್ತದೆ. ಇಲ್ಲಿ ಬಾದಾಮಿಯ ಮಸಾರಿಗೂ ಹುನಗುಂದದ ಎರೆಗೂ ದೊಡ್ಡ ಅಂತರವಿದೆ. ಉಸುಕು ಮಣ್ಣಿನಲ್ಲಿ ಅಣುಗಳು ಇನ್ನೂ ನಡೆಯುತ್ತಿರುವಷ್ಟೇ ಶೇಕಡಾವಾರು ತೇವದಲ್ಲಿ ಎರೆಮಣ್ಣಿನ ವಿಸರಣೆ ಬಹುತೇಕ ನಿಂತಿರುತ್ತದೆ, ಏಕೆಂದರೆ ಅಲ್ಲಿಯ ನೀರೆಲ್ಲ ಹಾಳೆಗಳ ನಡುವೆ ಸಿಕ್ಕಿಬಿದ್ದಿರುತ್ತದೆ. ಎರೆಮಣ್ಣು ಕೈಗೆ ತಂಪೆನಿಸಿದ ಮಾತ್ರಕ್ಕೆ ಬೆಳೆಗೆ ಗೊಬ್ಬರ ಸಿಗುತ್ತಿದೆ ಎನ್ನಲಾಗದು. ಅದರ ಅನುಕೂಲವೆಂದರೆ ಆಳದಲ್ಲಿ ಅದು ಹಸಿಯನ್ನು ಬಹುಕಾಲ ಹಿಡಿದಿಡುತ್ತದೆ. ಬಾದಾಮಿಯ ಶೇಂಗಾ ಹೊಲದಲ್ಲಿ ಚಿಂತೆ ಇನ್ನೊಂದು ಬಗೆಯದು. ಜೋರು ಮಳೆಯಲ್ಲಿ ಸಾರಜನಕ ನೀರಿನೊಡನೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಅಲ್ಲಿ ಮೇಲುಗೊಬ್ಬರವನ್ನು ಕಂತುಗಳಲ್ಲಿ ಕೊಡುವುದೇ ಸರಿ.

ಎರೆಭೂಮಿಯಲ್ಲಿ ಮಾಡಬೇಕಾದದ್ದು ಇಷ್ಟು: ಡಿ.ಎ.ಪಿ.ಯಂಥ ರಂಜಕದ ಗೊಬ್ಬರವನ್ನು ಬಿತ್ತುವಾಗಲೇ ಬೀಜ ಮತ್ತು ಗೊಬ್ಬರದ ಸಂಯುಕ್ತ ಕೂರಿಗೆಯಿಂದ, ಬೀಜಕ್ಕಿಂತ ಎರಡು ಮೂರು ಬೆರಳು ಕೆಳಗೆ ಮತ್ತು ತುಸು ಪಕ್ಕಕ್ಕೆ, ಹಸಿ ಇರುವ ಪದರಿಗೆ ಸಾಲಾಗಿ ಇಳಿಸಬೇಕು. ಸಾಲಿನಲ್ಲಿ ಗೊಬ್ಬರ ಒತ್ತಾಗಿ ಬೀಳುವುದರಿಂದ ಅಂಟಿಕೊಳ್ಳಲು ಸಿಗುವ ಮಣ್ಣಿನ ಮೈ ಕಡಿಮೆಯಾಗಿ, ನೀರಿನಲ್ಲಿ ಉಳಿಯುವ ರಂಜಕದ ಪಾಲು ಹೆಚ್ಚುತ್ತದೆ. ಯೂರಿಯಾ ಬೀಜಕ್ಕೆ ನೇರವಾಗಿ ತಾಗಿದರೆ ಮೊಳಕೆ ಸುಡುತ್ತದೆ, ಅದು ಬೇಡ. ಬಿತ್ತನೆಗೆ ಮೊದಲು ಚೌಕು ಮಡಿ ಮಾಡಿ ಮಳೆಯ ನೀರನ್ನು ಹಿಡಿದಿಟ್ಟವರ ಹೊಲದಲ್ಲಿ ವಿಸರಣೆಯ ದಾರಿಗಳು ಇನ್ನಷ್ಟು ವಾರ ತೆರೆದಿರುತ್ತವೆ. ಬರಿಯ ನೀರಿನ ಲಾಭವೆಂದು ತಿಳಿಯುವ ಚೌಕು ಮಡಿ ಗೊಬ್ಬರದ ಲಾಭವೂ ಹೌದು.

ರಂಜಕ ಬೇರಿನ ಬಳಿಗೆ ಬರಲಾರದಿದ್ದರೆ ಬೇರೇ ರಂಜಕದ ಬಳಿಗೆ ಹೋಗುವುದು ಇನ್ನೊಂದು ದಾರಿ. ಬೇರಿನ ರೋಮಗಳು ಒಂದು ಮಿ.ಮೀ.ವರೆಗೆ ಚಾಚುತ್ತವೆ. ಬೇರಿನಲ್ಲಿ ನೆಲಸುವ ಮೈಕೊರೈಜಾ ಶಿಲೀಂಧ್ರದ ಎಳೆಗಳು ಹಲವು ಸೆಂ.ಮೀ. ಆಚೆಗೆ ಹೋಗಿ ರಂಜಕವನ್ನು ಒಳಗಿನಿಂದಲೇ ಸಾಗಿಸಿ ತರುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರಗಳ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದರು. ಸಸಿಮಡಿಯಲ್ಲಿ ಬೆಳೆಸಿ ನಾಟಿ ಮಾಡುವ ಬೆಳೆಗಳಿಗೆ ಇವನ್ನು ಕೊಡುವುದು ಸುಲಭ.

ಬಾಗಲಕೋಟೆಯ ಸುತ್ತ ಕಾಲುವೆ ನೀರುಂಡು ಜೌಳು, ಸವಳು ಹಿಡಿದ ಎರೆಭೂಮಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಉಪ್ಪು ತೊಳೆಯಲೆಂದು ಒಂದೇ ಸಮನೆ ನೀರು ಕಟ್ಟಿದರೆ ನೀರು ಬಿರುಕುಗಳ ಮೂಲಕ ಇಳಿದುಹೋಗುತ್ತದೆ, ಹೆಂಟೆಯೊಳಗಿನ ಉಪ್ಪು ಹೆಂಟೆಯಲ್ಲಿಯೇ ಉಳಿಯುತ್ತದೆ. ಉಪ್ಪು ವಿಸರಣೆಯಿಂದ ಹೆಂಟೆಯ ಹೊರಮೈಗೆ ಬಂದ ಮೇಲೆಯೇ ನೀರು ಅದನ್ನು ಒಯ್ಯಬಲ್ಲದು. ಎರಡು ಸೆಂ.ಮೀ. ಹೆಂಟೆಯಿಂದ ಉಪ್ಪು ಹೊರಬರಲು ಸುಮಾರು ಎರಡು ದಿನ ಬೇಕಾದರೆ ನಾಲ್ಕು ಸೆಂ.ಮೀ. ಹೆಂಟೆಗೆ ಎಂಟು ದಿನ ಬೇಕು. ಆದ್ದರಿಂದ ಮೊದಲು ಹೆಂಟೆ ಒಡೆದು, ಬಸಿಗಾಲುವೆ ತೆಗೆದು, ನೀರು ಕಟ್ಟಿ, ಕೆಲವು ದಿನ ಬಿಟ್ಟು ಮತ್ತೆ ಕಟ್ಟುವ ಪದ್ಧತಿಯಲ್ಲಿ ಅಷ್ಟೇ ನೀರಿಗೆ ಹೆಚ್ಚು ಉಪ್ಪು ಹೋಗುತ್ತದೆ. ಬಸಿಗಾಲುವೆಯಿಲ್ಲದೆ ಎಷ್ಟು ಸಲ ನೀರು ಕಟ್ಟಿದರೂ ಪ್ರಯೋಜನವಿಲ್ಲ. ಸವಳು ಭೂಮಿಗೆ ಜಿಪ್ಸಂ ಹಾಕುವವರು ಅದನ್ನು ನುಣ್ಣಗೆ ಪುಡಿಮಾಡಿಸಿ ಮೇಲ್ಮಣ್ಣಿನಲ್ಲಿ ಚೆನ್ನಾಗಿ ಬೆರೆಸಬೇಕು, ಏಕೆಂದರೆ ಅದರ ಕ್ಯಾಲ್ಸಿಯಂ ಕೂಡ ಹಾಳೆಗಳ ಸಂದಿಗೆ ತಲುಪಬೇಕಾದರೆ ಇದೇ ನಡಿಗೆಯಲ್ಲಿ ಹೋಗಬೇಕು.